ವಕೀಲರೊಂದಿಗೆ ಪ್ರಶ್ನೋತ್ತರ: ಟಿಪ್ಪರ್ ತಾಗಿಸಿ ಹೋದದ್ದು ಅಪಘಾತವೇ?

ಗುಂಪಿನ ನಿರ್ವಾಹಕರು: ಈ ಭಾನುವಾರದ ಪ್ರಶ್ನೋತ್ತರಕ್ಕೆ ಜಿಲ್ಲಾ ನ್ಯಾಯಾಲಯದಲ್ಲಿ ಕ್ರಿಮಿನಲ್ ಪ್ರಕರಣಗಳನ್ನು ನಡೆಸುವ ಹಿರಿಯ ವಕೀಲೆಯೊಬ್ಬರು ಒಪ್ಪಿದ್ದಾರೆ. ಮರಳು, ಕಲ್ಲುಗಣಿ, ಕೆರೆ ಒತ್ತುವರಿ, ಕಾಡಿನ ನಾಶ ಇವುಗಳ ಬಗ್ಗೆ ಬರೆಯುವವರಿಗೆ ಮತ್ತು ಹೋರಾಡುವವರಿಗೆ ಬರುವ ಬೆದರಿಕೆ ಹಾಗೂ ಅವರ ಮೇಲಾಗುವ ಹಲ್ಲೆಗಳೇ ಇಂದಿನ ವಿಷಯ. ಊರು, ಠಾಣೆ, ವ್ಯಕ್ತಿಗಳ ಹೆಸರುಗಳನ್ನು ಯಾರೂ ಬರೆಯಬಾರದು.

ಯೂಟ್ಯೂಬ್ ಸುದ್ದಿ ವಾಹಿನಿ ನಡೆಸುವ ಸದಸ್ಯ: ನಮಸ್ಕಾರ ಮೇಡಂ. ‘ಪತ್ರಕರ್ತರೊಂದಿಗೆ ಅನುಚಿತವಾಗಿ ವರ್ತಿಸಿದರೆ 50,000 ರೂಪಾಯಿ ದಂಡ, 3 ವರ್ಷ ಜೈಲು, ಜಾಮೀನು ಸಿಗುವುದಿಲ್ಲ, ಇದು ಸುಪ್ರೀಂ ಕೋರ್ಟ್ ಆದೇಶ’ ಎಂಬ ಸಂದೇಶ ಎಲ್ಲ ಗುಂಪುಗಳಲ್ಲಿಯೂ ಬರುತ್ತಿದೆ. ಅದರ ಪ್ರತಿಯನ್ನು ಠಾಣೆಗೆ ಒಯ್ದು ತೋರಿಸಬಹುದೇ?

ವಕೀಲರು: ನಮಸ್ಕಾರ. ಅಂತಹ ಸುಪ್ರೀಂ ಕೋರ್ಟ್ ಆದೇಶ ಇಲ್ಲ. ಆ ಅಂಕಿಗಳು ಮಹಾರಾಷ್ಟ್ರದ 2017ರ ಕಾಯ್ದೆಯಲ್ಲಿವೆ, ಅದೂ ಮಾಧ್ಯಮದವರ ಮೇಲಿನ ಹಿಂಸೆಗೆ ಮತ್ತು ಅವರ ಆಸ್ತಿಯ ಹಾನಿಗೆ ಸಂಬಂಧಿಸಿ. ಛತ್ತೀಸಗಢದ ವಿಧಾನಸಭೆಯೂ 2023ರಲ್ಲಿ ಅಂತಹ ಮಸೂದೆಯೊಂದಕ್ಕೆ ಒಪ್ಪಿಗೆ ಕೊಟ್ಟಿತು. ಅದಾದ ಮೇಲೆಯೇ, ರಸ್ತೆ ಕಾಮಗಾರಿಯ ಅಕ್ರಮವನ್ನು ವರದಿ ಮಾಡಿದ್ದ ಮುಕೇಶ್ ಚಂದ್ರಾಕರ್ ಅವರ ಶವ 2025ರ ಜನವರಿಯಲ್ಲಿ ಬಸ್ತರ್ ಪ್ರದೇಶದ ಬಿಜಾಪುರದಲ್ಲಿ ಗುತ್ತಿಗೆದಾರನ ಆವರಣದ ಸೆಪ್ಟಿಕ್ ಟ್ಯಾಂಕಿನೊಳಗೆ ಸಿಕ್ಕಿತು. ಕರ್ನಾಟಕದಲ್ಲಿ ಅಂತಹ ಪ್ರತ್ಯೇಕ ಕಾಯ್ದೆ ಇಲ್ಲ. ಎಲ್ಲ ನಾಗರಿಕರಿಗೂ ಅನ್ವಯಿಸುವ, ಹಿಂದಿನ ಐಪಿಸಿಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯೇ ನಮಗೂ ಇರುವುದು. ದಯವಿಟ್ಟು ಆ ಸಂದೇಶವನ್ನು ಹಂಚಬೇಡಿ. ಅದನ್ನು ಹಿಡಿದು ಠಾಣೆಗೆ ಹೋದವರ ನಿಜವಾದ ದೂರನ್ನೂ ಯಾರೂ ಗಂಭೀರವಾಗಿ ಓದುವುದಿಲ್ಲ.

ತಾಲ್ಲೂಕು ವರದಿಗಾರ್ತಿ: ಮೇಡಂ, ನಾನು ಪತ್ರಿಕೆಯೊಂದರ ಅರೆಕಾಲಿಕ ವರದಿಗಾರ್ತಿ. ಮಂಗಳವಾರ ರಾತ್ರಿ 9 ಗಂಟೆಯ ಸುಮಾರಿಗೆ ಹೊಳೆಯ ದಂಡೆಯಲ್ಲಿ ಮರಳು ತುಂಬುತ್ತಿದ್ದ ಚಿತ್ರಗಳನ್ನು ತೆಗೆದುಕೊಂಡು ಸ್ಕೂಟರಿನಲ್ಲಿ ಹಿಂದಿರುಗುತ್ತಿದ್ದಾಗ, ಹಿಂದಿನಿಂದ ದೀಪವಿಲ್ಲದೆ ಬಂದ ಖಾಲಿ ಟಿಪ್ಪರ್ ಹ್ಯಾಂಡಲ್ಲಿಗೆ ತಾಗಿಸಿತು. ನಾನು ಚರಂಡಿಗೆ ಬಿದ್ದೆ, ಎಡ ಮಣಿಕಟ್ಟು ಊದಿದೆ. ಟಿಪ್ಪರ್ ಸ್ವಲ್ಪ ಮುಂದೆ ಹೋಗಿ ನಿಂತಿತು. ಬ್ರೇಕಿನ ಕೆಂಪು ದೀಪ ಒಂದು ನಿಮಿಷದಷ್ಟು ಉರಿಯುತ್ತಲೇ ಇತ್ತು, ಯಾರೂ ಇಳಿಯಲಿಲ್ಲ, ಆಮೇಲೆ ಹೊರಟುಹೋಯಿತು. ಅದಕ್ಕೆ 2 ದಿನ ಮೊದಲು ಪರಿಚಯವಿಲ್ಲದ ಸಂಖ್ಯೆಯಿಂದ ಒಬ್ಬರು ಕರೆ ಮಾಡಿ, ‘ನಿಮ್ಮ ಸ್ಕೂಟರಿನ ಹಿಂದಿನ ದೀಪ ಉರಿಯುತ್ತಿಲ್ಲ ಮೇಡಂ, ರಾತ್ರಿ ಹೊತ್ತು ಜೋಪಾನ’ ಎಂದು ಬಹಳ ಮರ್ಯಾದೆಯಿಂದಲೇ ಹೇಳಿದ್ದರು. ದೀಪ ನಿಜವಾಗಿಯೂ ಕೆಟ್ಟಿತ್ತು. ಠಾಣೆಯಲ್ಲಿ ಅವರು ಹೇಳಿದಂತೆ ‘ಆಕಸ್ಮಿಕವಾಗಿ ತಾಗಿ’ ಎಂದು ಬರೆದುಕೊಟ್ಟೆ, ಸ್ವೀಕೃತಿ ಕೊಟ್ಟಿಲ್ಲ. ಈಗ ಯಾರೋ ರಿಪೇರಿಗೆಂದು 15,000 ರೂಪಾಯಿ ಕೊಡುತ್ತೇವೆ, ರಾಜಿ ಪತ್ರಕ್ಕೆ ಸಹಿ ಹಾಕಿ ಎನ್ನುತ್ತಿದ್ದಾರೆ. ಮನೆಯವರು ಮುಗಿಸಿಬಿಡು ಎನ್ನುತ್ತಾರೆ. ಏನು ಮಾಡಲಿ?

ವಕೀಲರು: ಸಹಿ ಹಾಕಬೇಡಿ. ಇದನ್ನು ಮೊದಲು ಹೇಳಿ, ಉಳಿದದ್ದನ್ನು ಬಿಡಿಸಿ ಬರೆಯುತ್ತೇನೆ.

ನಿಮ್ಮ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಾಡುತ್ತಿರುವುದು ಮಣಿಕಟ್ಟಿನ ಗಾಯಕ್ಕಿಂತ ‘ಆಕಸ್ಮಿಕವಾಗಿ’ ಎಂಬ ಆ ಒಂದು ಪದ. 2018ರ ಮಾರ್ಚ್ 26ರಂದು ಮಧ್ಯಪ್ರದೇಶದ ಭಿಂಡ್‌ನಲ್ಲಿ, ಮರಳು ದಂಧೆಯವರಿಗೂ ಪೊಲೀಸರಿಗೂ ಇದ್ದ ನಂಟನ್ನು ಬಯಲು ಮಾಡಿದ್ದ ಪತ್ರಕರ್ತ ಸಂದೀಪ್ ಶರ್ಮಾ ಅವರ ಬೈಕಿನ ಮೇಲೆ ಲಾರಿ ಹರಿಯಿತು. ತಮ್ಮ ಜೀವಕ್ಕೆ ಅಪಾಯವಿದೆ, ರಕ್ಷಣೆ ಕೊಡಿ ಎಂದು ಅವರು ಮೊದಲೇ ಬರೆದುಕೊಟ್ಟಿದ್ದರು. 2023ರ ಫೆಬ್ರುವರಿಯಲ್ಲಿ ರತ್ನಾಗಿರಿ ಜಿಲ್ಲೆಯ ರಾಜಾಪುರದಲ್ಲಿ, ತೈಲ ಸಂಸ್ಕರಣಾಗಾರ ಯೋಜನೆಯ ವಿವಾದವನ್ನು ವರದಿ ಮಾಡುತ್ತಿದ್ದ ಶಶಿಕಾಂತ್ ವಾರಿಶೆ ಅವರ ದ್ವಿಚಕ್ರ ವಾಹನಕ್ಕೆ ಜೀಪು ಗುದ್ದಿತು. ಯಾರ ವಿರುದ್ಧ ಅವರು ಬರೆದಿದ್ದರೋ ಆತನೇ ಅದನ್ನು ಓಡಿಸುತ್ತಿದ್ದ ಎಂಬುದು ಪೊಲೀಸರ ಆರೋಪ. ರಸ್ತೆಯ ಮೇಲಿನ ಸಾವು ಮೇಲ್ನೋಟಕ್ಕೆ ಅಪಘಾತದಂತೆಯೇ ಕಾಣುವುದರಿಂದ, ಅದರ ಹಿಂದೆ ಉದ್ದೇಶವಿತ್ತು ಎಂದು ತೋರಿಸುವುದು ಹಿಂದಿನ ದಿನಗಳ ದಾಖಲೆ ಮಾತ್ರ. ನಿಮಗೆ ಬಂದ ಆ ಮರ್ಯಾದೆಯ ಕರೆ ಅಂತಹ ದಾಖಲೆ. ಅದರಲ್ಲಿ ಬೈಗುಳವಿಲ್ಲ, ಕೊಲ್ಲುವ ಮಾತಿಲ್ಲ. ಆದರೆ ನೀವು ರಾತ್ರಿ ಯಾವ ದಾರಿಯಲ್ಲಿ ಹೋಗುತ್ತೀರಿ, ನಿಮ್ಮ ವಾಹನದ ಯಾವ ದೀಪ ಕೆಟ್ಟಿದೆ ಎಂಬುದನ್ನು ಹಿಂದಿನಿಂದ ಬಂದು ನೋಡಿದವನಿಗಲ್ಲದೆ ಬೇರೆಯವರಿಗೆ ತಿಳಿಯಲು ಸಾಧ್ಯವಿಲ್ಲ.

ಕಲಮಿನಿಂದ ಆಗುವ ವ್ಯತ್ಯಾಸವನ್ನು ಗಮನಿಸಿ. ನಿರ್ಲಕ್ಷ್ಯದ ಚಾಲನೆ ಎಂದು ನ್ಯಾಯ ಸಂಹಿತೆಯ 281ನೇ ಕಲಮಿನಡಿ ದಾಖಲಾದರೆ ಗರಿಷ್ಠ ಶಿಕ್ಷೆ 6 ತಿಂಗಳು. ಕೊಲೆ ಯತ್ನವೆಂದು 109ನೇ ಕಲಂ ಬಿದ್ದರೆ 10 ವರ್ಷದವರೆಗೆ, ಗಾಯವಾಗಿದ್ದರೆ ಜೀವಾವಧಿಯವರೆಗೆ. 2018ರ ಡಿಸೆಂಬರ್ 5ರಂದು ಸುಪ್ರೀಂ ಕೋರ್ಟ್ ಅನುಮೋದಿಸಿದ ಸಾಕ್ಷಿ ಸಂರಕ್ಷಣಾ ಯೋಜನೆ ಮುಖ್ಯವಾಗಿ ಇಂತಹ ಗಂಭೀರ ಅಪರಾಧಗಳಿಗೆ ಅನ್ವಯಿಸುತ್ತದೆ. ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ಸಮಿತಿಗೆ ಅರ್ಜಿ ಹಾಕಿದರೆ ಪೊಲೀಸರು 5 ಕೆಲಸದ ದಿನಗಳೊಳಗೆ ಅಪಾಯದ ವರದಿ ಸಲ್ಲಿಸಬೇಕು. ‘ಸಣ್ಣ ಆಕ್ಸಿಡೆಂಟ್’ ಎಂದು ದಾಖಲಾದ ಕಡತಕ್ಕೆ ಆ ಬಾಗಿಲೇ ತೆರೆಯುವುದಿಲ್ಲ.

ಆದ್ದರಿಂದ ಇಂದೇ ಕುಳಿತು ಹೊಸದಾಗಿ ಬರೆಯಿರಿ: ಕರೆ ಬಂದ ದಿನ, ಗಂಟೆ, ಸಂಖ್ಯೆ, ಆಡಿದ ಮಾತು ಆಡಿದಂತೆಯೇ, ಹಿಂದೆ ಪ್ರಕಟವಾದ ವರದಿಗಳ ದಿನಾಂಕ, ಟಿಪ್ಪರ್ ನಿಂತ ಆ ಒಂದು ನಿಮಿಷ, ಮೊದಲ ದೂರಿನಲ್ಲಿ ‘ಆಕಸ್ಮಿಕ’ ಎಂಬ ಪದ ಹೇಗೆ ಬಂತು ಎಂಬುದು. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ನಾಗರಿಕ ಸುರಕ್ಷಾ ಸಂಹಿತೆಯ (ಹಿಂದಿನ ಸಿಆರ್‌ಪಿಸಿಯ ಜಾಗಕ್ಕೆ ಬಂದದ್ದು) 173(4)ರ ಪ್ರಕಾರ ಎಸ್‌ಪಿ ಅವರಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗೋಣ. ಸರ್ಕಾರಿ ಆಸ್ಪತ್ರೆಯಲ್ಲಿ ಎಂಎಲ್‌ಸಿ (ಪೊಲೀಸ್ ಪ್ರಕರಣದ ಗಾಯವೆಂದು ವೈದ್ಯರು ಬರೆದಿಡುವ ದಾಖಲೆ) ಮಾಡಿಸಿ, ವೈದ್ಯರಿಗೆ ‘ಬಿದ್ದೆ’ ಎನ್ನದೆ ‘ಟಿಪ್ಪರ್ ತಾಗಿಸಿ ಬೀಳಿಸಿದರು’ ಎಂದು ಹೇಳಿ. ಸ್ಕೂಟರನ್ನು ತೊಳೆಯಬೇಡಿ, ರಿಪೇರಿ ಮಾಡಿಸಬೇಡಿ, ಆ ಹಿಂದಿನ ದೀಪದ ಬಲ್ಬನ್ನು ಸಹ ಬದಲಿಸಬೇಡಿ. ಬ್ರೇಕ್ ಇನ್‌ಸ್ಪೆಕ್ಟರ್ (ಆರ್‌ಟಿಒ ಕಚೇರಿಯ ವಾಹನ ತಪಾಸಣಾಧಿಕಾರಿ) ನೋಡುವವರೆಗೆ ಇದ್ದಂತೆಯೇ ಇರಲಿ. ದಾರಿಯಲ್ಲಿ ಪೆಟ್ರೋಲ್ ಬಂಕ್ ಇದ್ದರೆ ನಾಳೆಯೇ ಅವರಿಗೂ ಪೊಲೀಸರಿಗೂ ಲಿಖಿತ ಮನವಿ ಕೊಡಿ, ಕ್ಯಾಮೆರಾದ ಹಳೆಯ ದೃಶ್ಯ ಕೆಲವೇ ದಿನಗಳಲ್ಲಿ ಅಳಿಸಿಹೋಗುತ್ತದೆ. ಫೋನನ್ನು ಬದಲಿಸಬೇಡಿ, ಕರೆಯ ದಾಖಲೆಯನ್ನು ಅಳಿಸಬೇಡಿ. ಸ್ಕ್ರೀನ್‌ಶಾಟ್ ಒಂದೇ ಸಾಲದು, ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಡಿ ಎಲೆಕ್ಟ್ರಾನಿಕ್ ದಾಖಲೆಗೆ ಕೊಡುವ ಪ್ರಮಾಣಪತ್ರ ಬೇಕು, ಅದನ್ನು ನಾನು ಮಾಡಿಸಿಕೊಡುತ್ತೇನೆ. ಆ ರಾತ್ರಿಯ ಚಿತ್ರಗಳ ಪ್ರತಿಯನ್ನು ಸಂಪಾದಕರಿಗೆ ಈಗಲೇ ಕಳಿಸಿ. ನಿಮ್ಮನ್ನು ಮಾತ್ರ ತಡೆದರೆ ಸುದ್ದಿ ನಿಲ್ಲುತ್ತದೆ ಎಂಬ ಲೆಕ್ಕಾಚಾರ ಅವರಿಗೆ ಉಳಿಯಬಾರದು.

ಗುಂಪಿನ ಸದಸ್ಯ: ಮೇಡಂ, ಪತ್ರಕರ್ತರ ಮೇಲೆ ಕೈ ಮಾಡಿದರೆ ಜಾಮೀನೇ ಇಲ್ಲವಂತೆ, ನಿಜವೇ?

ವಕೀಲರು: ಮೇಲೆ ಉತ್ತರಿಸಿದ್ದೇನೆ.

ಮಾಹಿತಿ ಹಕ್ಕು ಅರ್ಜಿದಾರರು: ಕಲ್ಲುಗಣಿಯ ಪರವಾನಗಿ ಬಗ್ಗೆ ಅರ್ಜಿ ಹಾಕಿದ ಮೂರನೇ ದಿನವೇ ಗಣಿಯವರು ನಮ್ಮ ಮನೆಯ ಬಾಗಿಲಿಗೆ ಬಂದರು. ವಿಳಾಸ ಕೊಡದೆ ಅರ್ಜಿ ಹಾಕಬಹುದೇ? ಅಕ್ರಮ ಬಯಲಿಗೆಳೆಯುವವರಿಗಾಗಿ ಮಾಡಿದ ವಿಷಲ್ ಬ್ಲೋವರ್ ಕಾಯ್ದೆಯಲ್ಲಿ ರಕ್ಷಣೆ ಸಿಗುವುದಿಲ್ಲವೇ?

ವಕೀಲರು: ಆ ಕಾಯ್ದೆಗೆ 2014ರಲ್ಲಿಯೇ ಅಂಕಿತ ಬಿದ್ದಿದೆ, ಆದರೆ ಜಾರಿಗೆ ತಂದಿಲ್ಲ, ಅದನ್ನು ನಂಬಿ ಹೆಜ್ಜೆ ಇಡಬೇಡಿ. ಮಾಹಿತಿ ಹಕ್ಕು ಕಾಯ್ದೆಯ 6(2)ರ ಪ್ರಕಾರ ನಿಮ್ಮನ್ನು ಸಂಪರ್ಕಿಸಲು ಬೇಕಾದಷ್ಟು ವಿವರ ಮಾತ್ರ ಸಾಕು. ಅಂಚೆ ಪೆಟ್ಟಿಗೆ ಸಂಖ್ಯೆ ಕೊಟ್ಟರೂ ಸಾಕೆಂದು ಕಲ್ಕತ್ತಾ ಹೈಕೋರ್ಟ್ 2013ರಲ್ಲಿ ಹೇಳಿದೆ. ಸಾಧ್ಯವಾದರೆ ಒಂದೇ ವಿಷಯಕ್ಕೆ ನಾಲ್ಕೈದು ಊರುಗಳಿಂದ ನಾಲ್ಕೈದು ಜನ ಅರ್ಜಿ ಹಾಕಿ. ಗಿರ್ ಅರಣ್ಯದ ಅಕ್ರಮ ಗಣಿಗಾರಿಕೆಯನ್ನು ಪ್ರಶ್ನಿಸಿದ ಅಮಿತ್ ಜೇಠ್ವಾ ಅವರನ್ನು 2010ರ ಜುಲೈ 20ರಂದು ಗುಜರಾತ್ ಹೈಕೋರ್ಟಿನ ಎದುರಿಗೇ ಗುಂಡಿಟ್ಟು ಕೊಂದರು. ನೂರಕ್ಕೂ ಹೆಚ್ಚು ಸಾಕ್ಷಿಗಳು ತಿರುಗಿಬಿದ್ದರು, ಮರುವಿಚಾರಣೆಯಾಯಿತು, 2019ರಲ್ಲಿ ಮಾಜಿ ಸಂಸದರೂ ಸೇರಿ 7 ಮಂದಿಗೆ ಶಿಕ್ಷೆಯಾಯಿತು, 2024ರಲ್ಲಿ ಹೈಕೋರ್ಟ್ ಎಲ್ಲರನ್ನೂ ಖುಲಾಸೆ ಮಾಡಿತು. ಹದಿನಾಲ್ಕು ವರ್ಷಗಳ ನಂತರ ಆ ಕುಟುಂಬದ ಕೈಯಲ್ಲಿ ಏನೂ ಉಳಿಯಲಿಲ್ಲ.

ಟ್ರ್ಯಾಕ್ಟರ್ ಮಾಲೀಕರ ಮನೆಯ ಸದಸ್ಯ: ಎಲ್ಲರೂ ಒಂದೇ ಕಡೆಯ ಮಾತು ಆಡುತ್ತಿದ್ದೀರಿ. ಆಶ್ರಯ ಮನೆಗೆ ಮರಳು ಬೇಕು, ಪರ್ಮಿಟ್ ಸಿಗುವುದಿಲ್ಲ. ಕೂಲಿಯವರು ಬದುಕುವುದು ಬೇಡವೇ? ಸುದ್ದಿ ಹಾಕುತ್ತೇವೆ ಎಂದು ಹೆದರಿಸಿ ತಿಂಗಳಿಗೆ ಇಷ್ಟು ಎಂದು ವಸೂಲಿ ಮಾಡುವವರನ್ನೂ ನಾವು ಕಂಡಿದ್ದೇವೆ.

ನದಿ ಹೋರಾಟ ಸಮಿತಿಯ ಸದಸ್ಯ: ಅಣ್ಣಾ, ರಾತ್ರಿ ದೀಪ ಆರಿಸಿ ಟಿಪ್ಪರ್ ಓಡಿಸುವುದು ಆಶ್ರಯ ಮನೆಗೋ? ಹೊಳೆಯ ತಳ ಕುಸಿದು ನಮ್ಮ ಊರಿನ ಕುಡಿಯುವ ನೀರಿನ ಜಾಕ್‌ವೆಲ್ (ಹೊಳೆಯಿಂದ ನೀರೆತ್ತುವ ಬಾವಿ) ಒಣಗಿದೆ. ಮರಳು ಕಳವು ಸಾಮಾನ್ಯ ಕಳ್ಳತನವಾಗಿಯೂ ಶಿಕ್ಷಾರ್ಹ ಎಂದು ಸುಪ್ರೀಂ ಕೋರ್ಟ್ 2014ರಲ್ಲಿಯೇ ಹೇಳಿದೆ.

ಟ್ರ್ಯಾಕ್ಟರ್ ಮಾಲೀಕರ ಮನೆಯ ಸದಸ್ಯ: ನೀವು ನಮ್ಮನ್ನು ಕಳ್ಳರು ಎನ್ನುತ್ತಿದ್ದೀರಾ? ಮಾತಿನ ಮೇಲೆ ಹಿಡಿತವಿರಲಿ.

ನದಿ ಹೋರಾಟ ಸಮಿತಿಯ ಸದಸ್ಯ: ನೀವು ಹೆದರಿಸುವುದನ್ನು ಇಲ್ಲಿಯೂ ಬಿಡುವುದಿಲ್ಲವಲ್ಲ.

ಯೂಟ್ಯೂಬ್ ಸುದ್ದಿ ವಾಹಿನಿ ನಡೆಸುವ ಸದಸ್ಯ: ವಸೂಲಿ ಮಾಡುವವರು ಯಾರೆಂದು ಹೆಸರು ಹೇಳಿ, ಎಲ್ಲರಿಗೂ ಸೇರಿಸಿ ಬೈಯಬೇಡಿ.

ವಕೀಲರು: ವಸೂಲಿ ಮಾಡಿದವರ ಮೇಲೆ ಸುಲಿಗೆಯ ದೂರು ಕೊಡಿ, ಬರೆದುಕೊಡಲು ನಾನೇ ಸಿದ್ಧ. ಅದನ್ನು ನೆಪ ಮಾಡಿಕೊಂಡು ಮಣಿಕಟ್ಟಿಗೆ ಪೆಟ್ಟು ಮಾಡಿಕೊಂಡ ಹೆಣ್ಣುಮಗಳ ಪ್ರಶ್ನೆಯ ಕೆಳಗೆ ಜಗಳವಾಡುವುದು ಸರಿಯಲ್ಲ.

ಮತ್ತೊಬ್ಬ ಸದಸ್ಯ: ಎಲ್ಲರಿಗೂ ಉಪಯುಕ್ತ ಮಾಹಿತಿ, ಬಂದದ್ದನ್ನು ಹಾಗೆಯೇ ಕಳಿಸುತ್ತಿದ್ದೇನೆ: ‘ಬೆದರಿಕೆ ಬಂದ ಕೂಡಲೇ ಆ ಜಾಗದಿಂದಲೇ ಫೇಸ್‌ಬುಕ್ ಲೈವ್ ಹೋಗಿ, ಲೊಕೇಷನ್ ಹಾಕಿ, ಬೆದರಿಸಿದವರ ಹೆಸರು ಕೂಗಿ ಹೇಳಿ, ಮುಟ್ಟುವ ಧೈರ್ಯ ಯಾರಿಗೂ ಬರುವುದಿಲ್ಲ.’

ವಕೀಲರು: ಇದನ್ನು ಬರೆದವರು ರಾತ್ರಿ ಹೊಳೆಯ ದಂಡೆಯಲ್ಲಿ ಒಂಟಿಯಾಗಿ ನಿಂತವರಲ್ಲ. ಉತ್ತರ ಪ್ರದೇಶದ ಶಹಜಹಾನ್‌ಪುರದ ಜಗೇಂದ್ರ ಸಿಂಗ್ ಅವರು ಅಕ್ರಮ ಗಣಿಗಾರಿಕೆಯ ಬಗ್ಗೆ ಫೇಸ್‌ಬುಕ್ಕಿನಲ್ಲಿಯೇ ಹೆಸರು ಹಿಡಿದು ಬರೆಯುತ್ತಿದ್ದರು. 2015ರ ಜೂನ್‌ನಲ್ಲಿ ಮೈ ಸುಟ್ಟ ಸ್ಥಿತಿಯಲ್ಲಿ ಆಸ್ಪತ್ರೆಯಲ್ಲಿ ತೀರಿಕೊಂಡರು. ಲೊಕೇಷನ್ ಹಾಕಿದರೆ ನಿಮ್ಮನ್ನು ಹುಡುಕುವವರ ಕೆಲಸವನ್ನು ನೀವೇ ಮಾಡಿಕೊಟ್ಟಂತೆ. ಮೊದಲು ಅಲ್ಲಿಂದ ಹೊರಡಿ, 112ಕ್ಕೆ ಕರೆ ಮಾಡಿ, ಜನರಿರುವ ಜಾಗಕ್ಕೆ ಬನ್ನಿ. ನಿರ್ವಾಹಕರು ಆ ಸಂದೇಶವನ್ನು ತೆಗೆದುಹಾಕಬೇಕು.

ಮಲೆನಾಡಿನ ಸದಸ್ಯೆ: ಮೇಡಂ, ರೆಸಾರ್ಟ್ ಒತ್ತುವರಿಯ ಬಗ್ಗೆ ಬರೆದದ್ದಕ್ಕೆ 1 ಕೋಟಿ ರೂಪಾಯಿಯ ಮಾನನಷ್ಟ ನೋಟಿಸ್ ಬಂದಿದೆ. ಉತ್ತರಿಸಲು ಎಷ್ಟು ದಿನವಿದೆ?

ಗುಂಪಿನ ಸದಸ್ಯ: ಜಾಮೀನು ಇಲ್ಲ ಎಂಬುದರ ಸರ್ಕಾರಿ ಸುತ್ತೋಲೆ ಇದ್ದರೆ ಕಳಿಸಿ ಮೇಡಂ.

ವಕೀಲರು: ಇಲ್ಲ. ಇಲ್ಲ ಎಂದು ಎರಡು ಬಾರಿ ಹೇಳಿದ್ದೇನೆ. ದಯವಿಟ್ಟು ಓದಿ ಕೇಳಿ.

ನಿವೃತ್ತ ಶಿಕ್ಷಕರು: ಹೊಟ್ಟೆಪಾಡಿಗಾಗಿ ತಿಂಗಳಿಗೆ ನಾಲ್ಕು ಕಾಸು ಪಡೆಯುವ ಹುಡುಗಿ ಜೀವವನ್ನೇ ಏಕೆ ಪಣಕ್ಕಿಡಬೇಕು? ಬೇರೆ ಸುದ್ದಿ ಬರೆಯಲಿ.

ವಕೀಲರು: ಮೇಷ್ಟ್ರೇ, ನಿಮ್ಮ ಕಳಕಳಿ ಅರ್ಥವಾಗುತ್ತದೆ. ಪರಿಸರದ ಸುದ್ದಿ ಮಾಡಿ ಪ್ರಾಣ ಕಳೆದುಕೊಂಡ 44 ಪತ್ರಕರ್ತರನ್ನು 15 ವರ್ಷಗಳಲ್ಲಿ ಯುನೆಸ್ಕೋ ಲೆಕ್ಕ ಹಾಕಿದೆ. ಶಿಕ್ಷೆಯವರೆಗೆ ಹೋದದ್ದು 5 ಪ್ರಕರಣ ಮಾತ್ರ. ಬರೆಯಬೇಕೋ ಬೇಡವೋ ಎಂಬುದನ್ನು ಆಕೆ ನಿರ್ಧರಿಸಲಿ. ಆಕೆ ಬರೆದರೆ ಠಾಣೆ, ಪತ್ರಿಕೆ, ನ್ಯಾಯಾಲಯ ಆಕೆಯ ಹಿಂದೆ ನಿಲ್ಲಬೇಕು ಎಂಬುದಷ್ಟೇ ನನ್ನ ವಾದ. ಮಾನ್ಯತಾ ಕಾರ್ಡ್ ಇಲ್ಲದ ಅರೆಕಾಲಿಕ ವರದಿಗಾರರನ್ನು ಏನಾದರೂ ಆದ ಮರುದಿನ ‘ಅವರು ನಮ್ಮ ಸಿಬ್ಬಂದಿಯಲ್ಲ’ ಎನ್ನುವ ಸಂಪಾದಕರನ್ನು ನಾನು ಕಟಕಟೆಯ ಬಳಿಯೇ ಕಂಡಿದ್ದೇನೆ. ತಂಗಿ, ನಿಮ್ಮ ಸಂಪಾದಕರಿಂದ ಇಂದೇ ಒಂದು ಪತ್ರ ಬರೆಸಿಕೊಳ್ಳಿ.

ತಾಲ್ಲೂಕು ವರದಿಗಾರ್ತಿ: ಸಂಪಾದಕರು ಪತ್ರ ಕಳಿಸಿದ್ದಾರೆ ಮೇಡಂ. ಆಸ್ಪತ್ರೆಯಲ್ಲಿ ಎಂಎಲ್‌ಸಿ ಆಯಿತು. ಎಕ್ಸ್‌ರೇಯಲ್ಲಿ ಸಣ್ಣ ಬಿರುಕು ಇದೆಯಂತೆ. ಬಂಕಿನವರು ಪೊಲೀಸರು ಕೇಳಿದರೆ ದೃಶ್ಯ ಕೊಡುತ್ತೇವೆ ಎಂದರು, ಅಳಿಸುವುದಿಲ್ಲ ಎಂದು ಮಾತು ಕೊಟ್ಟಿದ್ದಾರೆ. ಸ್ಕೂಟರಿಗೆ ಗೋಣಿತಟ್ಟು ಹೊದಿಸಿ ಹಿತ್ತಲಿನಲ್ಲಿ ನಿಲ್ಲಿಸಿದ್ದೇನೆ. ದುಡ್ಡು ಕೊಡುತ್ತೇವೆ ಎಂದವರು ಸಂಜೆ ಮತ್ತೆ ಬಂದು ಅಪ್ಪನ ಜೊತೆ ಜಗುಲಿಯಲ್ಲಿ ಕುಳಿತಿದ್ದರು.

ವಕೀಲರು: ಅವರು ಬಂದ ಗಂಟೆ, ಬಂದ ವಾಹನದ ಸಂಖ್ಯೆ, ಅಪ್ಪನ ಬಳಿ ಆಡಿದ ಮಾತು, ಎಲ್ಲವನ್ನೂ ದೂರಿಗೆ ಸೇರಿಸಿ. ನಾಳೆ ಬೆಳಿಗ್ಗೆ 10 ಗಂಟೆಗೆ ನನ್ನ ಕಚೇರಿಗೆ ಬನ್ನಿ, ಎಸ್‌ಪಿ ಕಚೇರಿಗೆ ಒಟ್ಟಿಗೆ ಹೋಗಿ ಸ್ವೀಕೃತಿಯ ಮೊಹರು ಹಾಕಿಸಿಕೊಂಡೇ ಬರೋಣ. ಬಸ್ಸಿನಲ್ಲಿ ಬನ್ನಿ, ಅಪ್ಪನನ್ನೂ ಕರೆದುಕೊಂಡು ಬನ್ನಿ.

ಮಲೆನಾಡಿನ ಸದಸ್ಯೆ: ಮೇಡಂ, ನನ್ನ ನೋಟಿಸಿನ ಪ್ರಶ್ನೆ ಹಾಗೆಯೇ ಉಳಿಯಿತು.

ಗುಂಪಿನ ನಿರ್ವಾಹಕರು: ಜಗಳ ಮತ್ತೆ ಶುರುವಾಗಿರುವುದರಿಂದ ಇಂದಿಗೆ ಪ್ರಶ್ನೆಗಳನ್ನು ನಿಲ್ಲಿಸಿದ್ದೇವೆ.