ಸಹಾಯ ಬೇಕು: ಜರ್ಮನಿಯ ಶಾಲೆಗೆ ಹುಲಿವೇಷದ ತಾಸೆಯ ಬಡಿತ

ನಮಸ್ಕಾರ. ಅಕ್ಕನ ಮಗ ಕಳೆದ ವರ್ಷ ಉಡುಪಿ ಬಿಟ್ಟು ಜರ್ಮನಿಯ ಶಾಲೆಗೆ ಸೇರಿದ್ದಾನೆ, ಎಂಟನೇ ಕ್ಲಾಸು. ಆರು ತಿಂಗಳು ಬುತ್ತಿ ಒಬ್ಬನೇ ಕೂತು ಉಂಡವ. ಫೋನ್ ಮಾಡಿದರೆ ನನ್ನ ಹತ್ತಿರವೂ ಬರೀ "ಹೂಂ". ಮೊನ್ನೆ ಬಿಡುವಿನಲ್ಲಿ ಯಾರೋ ಬೆಂಚು ಬಡಿದರಂತೆ, ಇವ ಎದ್ದು ಹುಲಿಯ ಹೆಜ್ಜೆ ಹಾಕಿದನಂತೆ! ಈಗ ಮೂರು ಹುಡುಗರು ಕಲಿಸು ಅಂತ ಹಿಂದೆ ಬಿದ್ದಿದ್ದಾರೆ. ಶಾಲೆಯ ಬೇಸಿಗೆ ಹಬ್ಬಕ್ಕೆ ನಾಲ್ಕು ಹುಲಿಗಳು ತಯಾರು.

ಕೃಷ್ಣಾಷ್ಟಮಿಯ ಮರುದಿನ ವಿಟ್ಲಪಿಂಡಿಗೆ ಉಡುಪಿಯ ರಥಬೀದಿಯಲ್ಲಿ ಹುಲಿವೇಷ ಕುಣಿಯುವ ತಂಡದವರು ಇಲ್ಲಿ ಯಾರಾದರೂ ಇದ್ದೀರಾ? ತಾಸೆ, ಡೋಲು ಮಾತ್ರ ಇರುವ ಐದು ನಿಮಿಷದ ರೆಕಾರ್ಡಿಂಗ್ ಬೇಕಿತ್ತು. ಮೈಗೆ ಪೈಂಟ್ ಬೇಡವಂತೆ. ಹಳದಿ ಬನಿಯನ್ ಮೇಲೆ ಪಟ್ಟೆ ಬರೆಯಲು ಯಾವ ಬಣ್ಣ ಒಳ್ಳೆಯದು? ಹುಲಿಯ ತಲೆ ಅಕ್ಕ ರಟ್ಟಿನಲ್ಲೇ ಮಾಡ್ತಾಳಂತೆ, ದೇವರೇ ಗತಿ.

ಜೂನ್ ಮುಗಿಯುವುದರೊಳಗೆ ಇನ್‌ಬಾಕ್ಸಿಗೆ ಹಾಕಿ ಮಾರಾಯ್ರೆ.