ಬೇಹುಗಾರ ಗುರು, ಅನಾಥ ಶಿಷ್ಯೆ: ಕಾದಂಬರಿ ಸಿಕ್ಕಾಕೊಂಡಿದೆ, ಬರೆದವ್ರು ಇದ್ರೆ ಹೇಳಿ

ಪ್ರಶ್ನೆ, ಠಾಣೆಯಿಂದ:
ಒಂದು ಫ್ಯಾಂಟಸಿ ಕಾದಂಬರಿ ಬರೀತಿದೀನಿ. ಕಾಲ್ಪನಿಕ ರಾಜ್ಯ, ವಯಸ್ಸಾದ ಬೇಹುಗಾರ, ಅವನ ಕೈಕೆಳಗೆ ಹದಿಮೂರು ವರ್ಷದ ಅನಾಥ ಹುಡುಗಿ. ಮೂರನೇ ಅಧ್ಯಾಯದಿಂದ ಒಂಬತ್ತರ ತನಕ ಬರೀ ಟ್ರೇನಿಂಗು, ಗುರು ಮಾತಾಡ್ತಾನೇ ಇರ್ತಾನೆ, ಬರೀತಿರೋ ನಂಗೇ ನಿದ್ದೆ ಬರುತ್ತೆ. ನೀವೆಲ್ಲ ಇದನ್ನ ಹೇಗೆ ದಾಟಿದ್ರಿ?

ಡೊಂಬಿವಲಿಯಿಂದ:
ನಂದೂ ಇದೇ ಗತಿ ಆಗಿತ್ತು. ಬೆಳಿಗ್ಗೆ ಲೋಕಲ್‌ನಲ್ಲಿ ನೇತಾಡ್ಕೊಂಡು ಮೊಬೈಲಲ್ಲಿ ಟೈಪ್ ಮಾಡಿದ್ದು, ನಲವತ್ತು ಪುಟ ಗುರು ಉಪದೇಶ. ಒಬ್ರು ಪ್ರಕಾಶಕರಿಗೆ ಕಳಿಸಿದೆ, ಒಂದೂವರೆ ವರ್ಷ ಆಯ್ತು, ಹೂಂ ಇಲ್ಲ ಊಹೂಂ ಇಲ್ಲ, ಅದಿರ್ಲಿ. ದಾರಿ ತೋರ್ಸಿದ್ದು ನಮ್ಮ ದೊಡ್ಡಪ್ಪ. ಅವ್ರು ಹನ್ನೆರಡನೇ ವಯಸ್ಸಿಗೆ ಕುಂದಾಪುರ ಕಡೆಯಿಂದ ಬಂದು ಮುಂಬೈ ಫೋರ್ಟ್ ಏರಿಯಾದ ಒಂದು ಉಡುಪಿ ಹೋಟ್ಲಲ್ಲಿ ಟೇಬಲ್ ಒರೆಸ್ತಿದ್ರು, ರಾತ್ರಿ ಕನ್ನಡ ನೈಟ್ ಸ್ಕೂಲು. ಗಲ್ಲಾದಲ್ಲಿ ಕೂತ ಭಟ್ರು ಒಂದು ದಿನ ಸುಮ್ನೆ ಕೇಳಿದ್ರಂತೆ, "ಆ ಮೂಲೆ ಟೇಬಲಿನವ್ರು ಎಂತ ತಿಂದ್ರಾ?" ಇವ್ರಿಗೆ ಗೊತ್ತಿಲ್ಲ. ಅವತ್ತು ಸಂಜೆ ಚಾ ಇಲ್ಲ, ಬೈಗುಳನೂ ಇಲ್ಲ, ಚಾ ಇಲ್ಲ ಅಷ್ಟೇ. ಆಮೇಲೆ ಯಾರು ಏನ್ ತಿಂದ್ರು, ಯಾರ ಚಪ್ಪಲಿ ಸವೆದಿದೆ, ಯಾರು ಬಿಲ್ ಕೊಡದೆ ಜಾರೋ ಅಂದಾಜಲ್ಲಿ ಬಾಗ್ಲು ನೋಡ್ತಿದ್ದಾನೆ, ಎಲ್ಲ ಕಣ್ಣಿಗೆ ಬೀಳೋಕೆ ಶುರುವಾಯ್ತಂತೆ. ಯಾರು ಕಲಿಸಿದ್ದು ಅಂದ್ರೆ "ಕಲಿಸ್ಲಿಕ್ಕೆ ಯಾರಿಗೆ ಪುರುಸೊತ್ತು ಮಾರಾಯ" ಅಂದ್ರು. ನಾನು ನಲವತ್ತು ಪುಟ ಕಿತ್ತಾಕಿ ಅಂಥದ್ದೊಂದು ಪ್ರಶ್ನೆ, ಒಂದು ಹೊತ್ತಿನ ಹಸಿವು, ಇಷ್ಟೇ ಇಟ್ಟೆ.

ಇನ್ನೊಂದು, ಕೌಟಿಲ್ಯನ ಅರ್ಥಶಾಸ್ತ್ರದ ಮೊದಲ ಅಧಿಕರಣ, ಅಂದ್ರೆ ಮೊದಲ ಭಾಗ, ಓದಿ (ಅದರ ಹಳೇ ಪ್ರತೀನ ಪಂಡಿತ ಶಾಮಾಶಾಸ್ತ್ರಿಗಳು 1905ರಲ್ಲಿ ನಮ್ಮ ಮೈಸೂರಲ್ಲೇ ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದ್ದು). ಅದರಲ್ಲಿ ಸತ್ರಿಗಳು ಅಂತ ಒಂದು ವರ್ಗ ಬರುತ್ತೆ, ದಿಕ್ಕಿಲ್ಲದ ಮಕ್ಕಳು, ರಾಜ್ಯವೇ ಸಾಕಬೇಕು, ಅವ್ರಿಗೆ ಅಂಗಲಕ್ಷಣ ಶಕುನ ಇಂದ್ರಜಾಲ ಕಲಿಸಿ ಬೇಹಿಗೆ ಬಿಡ್ತಾರೆ. ನಿಮ್ಮ ಹುಡುಗಿ ಇವಳೇ! ಅವಳು ತಿನ್ನೋ ಅನ್ನ ಯಾರದ್ದು ಅನ್ನೋದು ಕಥೇಲಿ ಬರ್ಲಿ. ಇನ್ನೂ ಮಜಾ ಏನಂದ್ರೆ ಮೂರು ಜನ ಬೇಹುಗಾರರು ಒಂದೇ ಮಾತು ಹೇಳಿದ್ರೆ ಮಾತ್ರ ನಂಬು ಅಂತಾನೆ ಕೌಟಿಲ್ಯ, ಮೂವರಿಗೂ ಒಬ್ಬರ ಪರಿಚಯ ಒಬ್ಬರಿಗಿರಬಾರ್ದು. ಅಂದ್ರೆ ನಿಮ್ಮ ಗುರು ಅವಳನ್ನ ಎಲ್ಲಿಗೆ ಕಳಿಸಿದ್ರೂ ಬೆನ್ನ ಹಿಂದೆ ಇನ್ನಿಬ್ಬರನ್ನ ಕಳಿಸಿರ್ತಾನೆ. ಅದು ಅವಳಿಗೆ ಗೊತ್ತಾಗೋ ದಿನ ಬರೀರಿ. ನನ್ನ ಕಾದಂಬರೀಲಿ ಸ್ವಲ್ಪ ನೆಟ್ಟಗಿರೋ ಅಧ್ಯಾಯ ಅದೊಂದೇ.

ಪುಣೆಯಿಂದ:
ಮ್ಯಾಲಿನವರು ಹೇಳಿದ್ದು ಖರೆ, ಆದ್ರ ಬರೀ ನೋಡೂದು ಸಾಲಂಗಿಲ್ರಿ, ಕೈಗೂ ಏನರ ಕೆಲಸ ಕೊಡ್ರಿ. ಸಣ್ಣಾಂವ ಇದ್ದಾಗ ನಮ್ಮಪ್ಪ ದನದ ಸಂತಿಗೆ ಕರಕೊಂಡ ಹೋಗ್ತಿದ್ದ. ಟವೆಲ್ ಕೆಳಗ ಇಬ್ರು ಕೈ ಹಿಡಕೊಂಡ ಬೆರಳ ಒತ್ತಿ ಒತ್ತಿ ಎತ್ತಿನ ರೇಟ್ ಮುಗಸ್ತಿದ್ರು, ಬಾಯಾಗ ಮಾತ್ರ ಮಳಿ ಬೆಳಿ ಸುದ್ದಿ. ಸುತ್ತ ಐವತ್ತ ಮಂದಿ ನಿಂತ್ರೂ ಒಬ್ಬಗೂ ತಿಳೀತಿರಲಿಲ್ಲ. ಇಲ್ಲಿ ದೇವಿ ಹಾಡ ಹಾಡೂ ಗೋಂಧಳಿಗಳ ಹಂತ್ಯಾಕ ಕರಪಲ್ಲವಿ ಅಂತ ಐತಿ, ಒಬ್ಬಾಂವ ಬೆರಳಿಲೆ ಸನ್ನಿ ಮಾಡ್ತಾನ, ಇನ್ನೊಬ್ಬಾಂವ ಪಟಕ್ನ ನಿಮ್ಮ ಹೆಸರ ಹೇಳ್ತಾನ. ನಿಮ್ಮ ರಾಜ್ಯದಾಗ ಮಂತ್ರಶಕ್ತಿ ಅಂತ ಮಂದಿ ನಂಬಿದ್ದು ಇಂಥಾದ್ದs ಇದ್ರ ಹೆಂಗ?

ವಾಸ್ಕೋದಿಂದ:
ನಾನು ಬರೆಯೋಳಲ್ಲ, ಮಗನಿಗೆ ರಾತ್ರಿ ಓದಿ ಹೇಳೋಳು. ಇಂಥ ಕಥೆ ಓದ್ವಾಗ ಅವ್ನು ಕತ್ತಿವರಸೆ ಬಗ್ಗೆ ಒಂದು ಪ್ರಶ್ನೇನೂ ಕೇಳಲ್ಲ. "ಅಮ್ಮಾ, ಆ ಅಜ್ಜ ಅವ್ಳಿಗೆ ಊಟಕ್ಕೆ ಏನ್ ಹಾಕ್ತಾನೆ, ಅವ್ಳಿಗೆ ಜ್ವರ ಬಂದ್ರೆ ಯಾರ್ ನೋಡ್ತಾರೆ" ಇದೇ. ಇನ್ನೊಂದು ರಿಕ್ವೆಸ್ಟು, ಕೊನೇಲಿ ಆ ಗುರುನ ಸಾಯಿಸ್ಬೇಡಿ, ಎಲ್ರೂ ಸಾಯಿಸ್ತಾರೆ, ನಮ್ಮನೇಲಿ ಎರಡು ದಿನ ಅಳು.

ಠಾಣೆಯಿಂದ ಮತ್ತೆ:
ಜ್ವರದ ಪ್ರಶ್ನೆಗೆ ನನ್ನ ಹತ್ರ ಉತ್ರಾನೇ ಇಲ್ಲ, ಅಲ್ಲಿಂದ್ಲೇ ಶುರು ಮಾಡ್ತೀನಿ. ಮೂರರಿಂದ ಒಂಬತ್ತು ಡಿಲೀಟ್. ಪುಣೆ ಸರ್, ಟವೆಲ್ ನಾನು ತಗೋಬಹುದಾ?

ಪುಣೆಯಿಂದ:
ತಗೋರಿ ತಂಗಿ. ನಮ್ಮಪ್ಪಂದು, ತೊಳದ ಇಟ್ಕೋರಿ.