ಹಳೆಮನೆ ಬಳಗ: ಇಗ್ಬೊ ಹೆಂಗಸರ ಬಗ್ಗೆ ಒಂದು ಭಾನುವಾರದ ವಾದ

ದೊಡ್ಡಪ್ಪ, ಬೆಳಿಗ್ಗೆ 7:40
ಬೇರೆ ಗುಂಪಿನಿಂದ ಬಂದದ್ದು: "ನೈಜೀರಿಯಾದ ಇಗ್ಬೊ ಜನಾಂಗದಲ್ಲಿ ಹೆಣ್ಣು ಎಂದರೆ ಗಂಡನ ಸೊತ್ತು. ಆಕೆಗೆ ಜಮೀನೂ ಇಲ್ಲ, ಸಭೆಯಲ್ಲಿ ಮಾತೂ ಇಲ್ಲ. ಬಿಳಿಯರು ಬಂದು ಶಾಲೆ ತೆರೆದ ಮೇಲಷ್ಟೇ ಅಲ್ಲಿನ ಹೆಂಗಸರು ಕಣ್ಣು ಬಿಟ್ಟರು. ಇಂದು ಅದೇ ಜನಾಂಗದ ಮಹಿಳೆ ವಿಶ್ವ ವ್ಯಾಪಾರ ಸಂಘಟನೆಯ ಮುಖ್ಯಸ್ಥೆ! ಹತ್ತು ಜನರಿಗೆ ಕಳುಹಿಸಿ."
ಚೆನ್ನಾಗಿದೆ. ಮನೆಯ ಹೆಣ್ಣುಮಕ್ಕಳು ಓದಲಿ ಎಂದು ಹಾಕಿದ್ದೇನೆ.

ತಮ್ಮ, ಬೆಳಿಗ್ಗೆ 8:05
ನಿಜ ದೊಡ್ಡಪ್ಪ. ಓದು ಇಲ್ಲದಿದ್ದರೆ ಯಾವ ಸಮಾಜವೂ ಮೇಲೆ ಬರುವುದಿಲ್ಲ.

ಲಾಗೋಸ್ ಅಣ್ಣ, ಬೆಳಿಗ್ಗೆ 8:31
ಒಂದು ಫೋಟೋ ಹಾಕುತ್ತಿದ್ದೇನೆ, ನೋಡಿ. ಹೋದ ಆಗಸ್ಟ್‌ನಲ್ಲಿ ನನ್ನ ಸಹೋದ್ಯೋಗಿ ಅನಾಂಬ್ರಾ ರಾಜ್ಯದ ತನ್ನ ಊರಿಗೆ ಕರೆದುಕೊಂಡು ಹೋಗಿದ್ದ. ಕೆಂಪು ಮಣ್ಣಿನ ಅಂಗಳ, ಚಪ್ಪರದ ಕೆಳಗೆ ಪ್ಲಾಸ್ಟಿಕ್ ಕುರ್ಚಿಗಳು, ಒಂದೇ ಅಚ್ಚಿನ ನೀಲಿ ಬಟ್ಟೆ ಉಟ್ಟು ಕುಳಿತಿರುವ ಇನ್ನೂರಕ್ಕೂ ಹೆಚ್ಚು ಹೆಂಗಸರು. ಇದಕ್ಕೆ ಇಲ್ಲಿ ಆಗಸ್ಟ್ ಸಭೆ ಎನ್ನುತ್ತಾರೆ. ಊರಿಗೆ ಸೊಸೆಯಾಗಿ ಬಂದವರು ಲಾಗೋಸ್, ಅಬುಜಾದಿಂದ, ಕೆಲವರು ಲಂಡನ್ನಿನಿಂದಲೂ ವರ್ಷಕ್ಕೊಮ್ಮೆ ಬಂದು ಸೇರುತ್ತಾರೆ. ಮೇಜಿನ ಹಿಂದೆ ಕನ್ನಡಕ ಹಾಕಿದ ಅಜ್ಜಿ ಇದ್ದಾರಲ್ಲ, ಅವರು ಖಜಾಂಚಿ. ಉದ್ದನೆಯ ಲೆಕ್ಕದ ಪುಸ್ತಕದಲ್ಲಿ ಬೆರಳಿಟ್ಟು, ಆರೋಗ್ಯ ಕೇಂದ್ರದ ಛಾವಣಿಗೆ ಯಾರು ಕೊಟ್ಟರು, ಯಾರು ಬಾಕಿ ಎಂದು ಗಟ್ಟಿಯಾಗಿ ಹೆಸರು ಕೂಗುತ್ತಿದ್ದರು. ತಡವಾಗಿ ಬಂದ ವೈದ್ಯೆಯೊಬ್ಬರು ಮರುಮಾತಾಡದೆ ದಂಡ ಕಟ್ಟಿದರು. ಗಂಡಸರು ಅಂಗಳದ ಆಚೆ, ಮರದ ಕೆಳಗೆ. ಸಭೆಯಲ್ಲಿ ಮಾತಿಲ್ಲ ಎನ್ನುವುದು ಈ ಜನರ ಬಗ್ಗೆಯೇ?

ದೊಡ್ಡಪ್ಪ, ಬೆಳಿಗ್ಗೆ 8:44
ಅದು ಈಗಿನ ಮಾತು. ನಾನು ಹೇಳುತ್ತಿರುವುದು ಹಿಂದಿನದು.

ನಾನು, ಬೆಳಿಗ್ಗೆ 9:20
ದೊಡ್ಡಪ್ಪ, ಹಿಂದಿನದನ್ನೇ ಹೇಳುತ್ತೇನೆ. ಕಾಲೇಜಿನಲ್ಲಿ ವಸಾಹತುಶಾಹಿಯ ಇತಿಹಾಸ ಪಾಠ ಮಾಡುವವಳು ಇದನ್ನು ಓದಿ ಸುಮ್ಮನಿದ್ದರೆ ತಪ್ಪಾಗುತ್ತದೆ. ಜಮೀನಿನ ಮಾತು ಬಹುಮಟ್ಟಿಗೆ ನಿಜ. ಸಭೆಯ ಮಾತು ಸುಳ್ಳು. ಕಣ್ಣು ಬಿಟ್ಟ ಮಾತಂತೂ ಪೂರ್ತಿ ತಲೆಕೆಳಗು.

ಒಲೊಕೊ ಎಂಬ ಊರು, 1929ರ ನವೆಂಬರ್. ನ್ವಾನ್ಯೆರುವಾ ಎಂಬ ಹೆಂಗಸು ಮನೆಯಂಗಳದಲ್ಲಿ ತಾಳೆಹಣ್ಣು ಹಿಂಡಿ ಎಣ್ಣೆ ತೆಗೆಯುತ್ತಿದ್ದಳು. ಬ್ರಿಟಿಷರು ಸನ್ನದು ಕೊಟ್ಟು ಕೂರಿಸಿದ ಮುಖ್ಯಸ್ಥ ಒಕುಗೊ. ಅವನ ಕಡೆಯವನೊಬ್ಬ ಬಂದು, ನಿನ್ನ ಆಡು, ಕುರಿ, ಜನರನ್ನು ಎಣಿಸಿ ಹೇಳು ಎಂದ. ನಿನ್ನ ತಾಯಿಯನ್ನು ಎಣಿಸಿದ್ದಾರೆಯೇ ಎಂದು ಅವಳು ತಿರುಗಿ ಕೇಳಿದಳು. ಮಾತು ಬೆಳೆಯಿತು, ಅವನು ಅವಳ ಕುತ್ತಿಗೆಗೆ ಕೈ ಹಾಕಿದ, ಅವಳು ಎಣ್ಣೆ ಮೆತ್ತಿದ ಕೈಯಲ್ಲೇ ಅವನನ್ನು ಹಿಡಿದಳು. ಬಿಡಿಸಿಕೊಂಡು ನೇರವಾಗಿ ಊರ ಹೆಂಗಸರು ಸೇರಿದ್ದಲ್ಲಿಗೆ ಓಡಿದಳು.

ಎಣಿಕೆ ಎಂದರೆ ಏಕೆ ಅಷ್ಟು ಸಿಟ್ಟು? ಕೆಲವು ವರ್ಷಗಳ ಹಿಂದೆ ಗಂಡಸರನ್ನು ಹೀಗೆಯೇ ಎಣಿಸಿದ್ದರು. 1928ರಲ್ಲಿ ಅವರ ಮೇಲೆ ತೆರಿಗೆ ಬಿತ್ತು. ಈಗ ತಾಳೆಎಣ್ಣೆಯ ಬೆಲೆ ಕುಸಿದಿತ್ತು, ಸರದಿ ತಮ್ಮದು ಎಂದು ಹೆಂಗಸರಿಗೆ ಅರ್ಥವಾಯಿತು. ತಾಳೆಗರಿ ಊರಿಂದೂರಿಗೆ ಹೋಯಿತು. ಅದೇ ಓಲೆ, ಅದೇ ಕರೆ. ಅಂಚೆಯಿಲ್ಲ, ದೂರವಾಣಿಯಿಲ್ಲ, ಕೆಲವೇ ವಾರಗಳಲ್ಲಿ ಸಾವಿರಾರು ಹೆಂಗಸರು ಎದ್ದರು. ಇಗ್ಬೊ ಹೆಂಗಸರಷ್ಟೇ ಅಲ್ಲ, ಇಬಿಬಿಯೊ ಹೆಂಗಸರು, ಒಪೊಬೊ ಪಟ್ಟಣದವರು ಕೂಡ. ಸನ್ನದಿನ ಮುಖ್ಯಸ್ಥರ ಟೋಪಿ ಕಿತ್ತುಕೊಂಡರು, ಸರ್ಕಾರ ನಡೆಸುತ್ತಿದ್ದ ಸ್ಥಳೀಯ ನ್ಯಾಯಾಲಯಗಳಿಗೆ ಬೆಂಕಿ ಇಟ್ಟರು. ಸೈನಿಕರೂ ಪೊಲೀಸರೂ ಗುಂಡು ಹಾರಿಸಿದರು. ಸತ್ತ ಹೆಂಗಸರು 50ಕ್ಕೂ ಹೆಚ್ಚು. ಅವರು ಒಬ್ಬ ಬಿಳಿಯನನ್ನೂ ಕೊಂದಿರಲಿಲ್ಲ.

ಬ್ರಿಟಿಷ್ ಕಡತಗಳು ಇದನ್ನು ಅಬಾ ಗಲಭೆ ಎನ್ನುತ್ತವೆ. ಆ ಹೆಂಗಸರು ಇಟ್ಟ ಹೆಸರು ಓಗು ಉಮುನ್ವಾನ್ಯಿ, ಹೆಂಗಸರ ಯುದ್ಧ. ಕಣ್ಣು ಮುಚ್ಚಿಕೊಂಡಿದ್ದವರು ಯುದ್ಧ ಸಾರುತ್ತಾರೆಯೇ?

ತಮ್ಮ, ಬೆಳಿಗ್ಗೆ 9:41
ಅಕ್ಕಾ, ದಂಗೆ ಎಲ್ಲ ಕಡೆಯೂ ಆಗುತ್ತದೆ. ಒಮ್ಮೆ ಸಿಟ್ಟಿಗೆದ್ದರೆಂದು ದಿನನಿತ್ಯ ಅಧಿಕಾರವಿತ್ತು ಎನ್ನಲು ಬರುವುದಿಲ್ಲ.

ನಾನು, ಬೆಳಿಗ್ಗೆ 10:02
ಒಳ್ಳೆಯ ಪ್ರಶ್ನೆ. ದಿನನಿತ್ಯದ ವ್ಯವಸ್ಥೆ ಇದ್ದದ್ದರಿಂದಲೇ ದಂಗೆ ಅಷ್ಟು ಬೇಗ ಹಬ್ಬಿತು. ಪ್ರತಿ ಊರಿನಲ್ಲೂ ಎರಡು ಕೂಟಗಳು. ಒಂದು ಉಮುಅಡಾ, ಅಂದರೆ ಆ ಮನೆತನದಲ್ಲಿ ಹುಟ್ಟಿದ ಹೆಣ್ಣುಮಕ್ಕಳು. ಮದುವೆಯಾಗಿ ಎಲ್ಲಿ ಹೋದರೂ ತವರಿನ ಜಗಳ ಬಿಡಿಸಲು, ಸಾವಿನ ಕಾರ್ಯ ನಡೆಸಲು ಅವರು ಬರಬೇಕು. ಅವರ ಮಾತು ಮೀರಲು ಅಣ್ಣತಮ್ಮಂದಿರಿಗೆ ಧೈರ್ಯವಿಲ್ಲ. ಇನ್ನೊಂದು ಊರಿನ ಸೊಸೆಯರ ಕೂಟ. ಸಂತೆಯ ನಿಯಮ, ಬೆಳೆಗೆ ದನ ನುಗ್ಗಿದರೆ ಏನು ಮಾಡಬೇಕು, ಹೆಂಡತಿಯನ್ನು ಹೊಡೆಯುವವನಿಗೆ ಏನು ಶಿಕ್ಷೆ, ಇವೆಲ್ಲ ಅಲ್ಲಿ ತೀರ್ಮಾನವಾಗುತ್ತಿತ್ತು.

ಶಿಕ್ಷೆ ಹೇಗಿತ್ತು ಎಂದರೆ: ತಪ್ಪಿತಸ್ಥನ ಮನೆಯ ಮುಂದೆ ಹೆಂಗಸರೆಲ್ಲ ಸೇರಿ, ಗೆಣಸು ಕುಟ್ಟುವ ಒನಕೆಗಳಿಂದ ಗೋಡೆ ಬಡಿಯುತ್ತ, ಅವನ ತಪ್ಪುಗಳನ್ನು ಒಂದೊಂದಾಗಿ ಹಾಡುತ್ತ ಕೂರುವುದು. ಅವನು ಕ್ಷಮೆ ಕೇಳುವವರೆಗೂ ಏಳುವಂತಿಲ್ಲ. ಕೆಲವೊಮ್ಮೆ ಮನೆಯ ಮಾಡನ್ನೇ ಕೀಳುತ್ತಿದ್ದರು. ಅವರ ಭಾಷೆಯಲ್ಲಿ ಅದು "ಗಂಡಸಿನ ಮೇಲೆ ಕೂರುವುದು". ಬೇರೆ ಗಂಡಸರು ನಡುವೆ ಬರುತ್ತಿರಲಿಲ್ಲ, ಅದು ಹೆಂಗಸರ ಹಕ್ಕು ಎಂದು ಎಲ್ಲರಿಗೂ ಗೊತ್ತಿತ್ತು. 1929ರಲ್ಲಿ ಅವರು ಒಕುಗೊನ ಮನೆ ಮುಂದೆ ಮಾಡಿದ್ದೂ ಇದನ್ನೇ. ಬಿಳಿಯ ಅಧಿಕಾರಿಗಳ ಕಣ್ಣಿಗೆ ಅದು ಹುಚ್ಚು ಗುಂಪು. ಅವರಿಗೆ ಆಡಳಿತ ಎಂದರೆ ಟೋಪಿ ಹಾಕಿದ ಗಂಡಸು ಒಬ್ಬನೇ.

ಇನ್ನೊಂದು ಮಾತು, ಇದನ್ನು ಹೇಳದೆ ನನಗೆ ಸಮಾಧಾನವಿಲ್ಲ. ನೈಜರ್ ನದಿಯ ಪಶ್ಚಿಮದ ಇಗ್ಬೊ ಊರುಗಳಲ್ಲಿ, ಪೂರ್ವ ದಂಡೆಯ ಒನಿಚಾದಲ್ಲೂ, ಅರಸನಿಗೆ ಒಬಿ ಎನ್ನುವಂತೆ ಹೆಂಗಸರ ಮುಖ್ಯಸ್ಥೆಗೆ ಓಮು ಎನ್ನುತ್ತಿದ್ದರು. ಅರಸನ ಹೆಂಡತಿಯಲ್ಲ, ತನ್ನದೇ ಮಂತ್ರಿಮಂಡಲವಿದ್ದ ಅಧಿಕಾರಿ. ಸಂತೆ ಅವಳ ಕೈಯಲ್ಲಿ. ಬ್ರಿಟಿಷರು ಒಬಿಗಳನ್ನು ಗುರುತಿಸಿದರು, ಓಮುವನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಈ ಎರಡು ಕಂಬದ ಆಡಳಿತದ ಬಗ್ಗೆ 1970ರ ದಶಕದಲ್ಲಿ ಬರೆದ ಸಮಾಜಶಾಸ್ತ್ರಜ್ಞೆ ಕಾಮೆನೆ ಒಕೊಂಜೊ, ಒಗ್ವಾಶಿ-ಉಕು ಊರಿನ ಅರಸು ಮನೆತನದ ಸೊಸೆ. ದೊಡ್ಡಪ್ಪ ಹಾಕಿದ ಸಂದೇಶದಲ್ಲಿ ಹೊಗಳಿರುವ, 2021ರಲ್ಲಿ ವಿಶ್ವ ವ್ಯಾಪಾರ ಸಂಘಟನೆಯ ಮಹಾನಿರ್ದೇಶಕಿಯಾದ ಎನ್‌ಗೋಜಿ ಒಕೊಂಜೊ-ಇವೇಲಾ ಅವರ ಮಗಳು! ಆ ಮಗಳು ಶಾಲೆಯಿಂದ ಮಾತ್ರ ಎದ್ದು ಬಂದವಳಲ್ಲ.

ಉಡುಪಿ ಅತ್ತಿಗೆ, ಬೆಳಿಗ್ಗೆ 10:15
ಓಹಾಫಿಯಾ ಎಂಬ ಇಗ್ಬೊ ಸೀಮೆಯಲ್ಲಿ ತಾಯಿಯ ಕಡೆಯಿಂದ ವಂಶ ಎಣಿಸುತ್ತಾರೆ ಎಂದು ಓದಿದ್ದೆ. ನಮ್ಮ ಅಳಿಯಸಂತಾನದ ಹಾಗೆಯೇ?

ನಾನು, ಬೆಳಿಗ್ಗೆ 10:18
ಹೌದು ಅತ್ತಿಗೆ, ತಾಯಿಯ ಕುಲದ ಮೇಲೆ ಹೊಲದ ಹಕ್ಕು ನಡೆಯುವ ಕೆಲವೇ ಸೀಮೆಗಳಲ್ಲಿ ಅದೊಂದು. ಉಳಿದ ಇಗ್ಬೊ ನಾಡಿನಲ್ಲಿ ಬಹುಪಾಲು ತಂದೆಯ ವಂಶವೇ.

ತಮ್ಮ, ಬೆಳಿಗ್ಗೆ 10:50
ಅಕ್ಕಾ, ನೀನು ಹೇಳದೆ ಬಿಟ್ಟದ್ದನ್ನು ನಾನು ಹೇಳುತ್ತೇನೆ. ಅವಳಿ ಮಕ್ಕಳು ಹುಟ್ಟಿದರೆ ಕಾಡಿಗೆ ಎಸೆಯುತ್ತಿದ್ದರು. ಗಂಡ ಸತ್ತವಳ ತಲೆ ಬೋಳಿಸುತ್ತಿದ್ದರು. ನೀನು ಕೊಲೆ ಮಾಡಿಲ್ಲ ಎಂದು ತೋರಿಸು ಎಂದು ಹೆಣ ತೊಳೆದ ನೀರು ಕುಡಿಸುತ್ತಿದ್ದರು. ಇದನ್ನೆಲ್ಲ ಮಾಡಿಸುತ್ತಿದ್ದವರಲ್ಲಿ ನೀನು ಹೊಗಳಿದ ಉಮುಅಡಾ ಹೆಂಗಸರೂ ಇದ್ದರು! ಗಂಡನ ಅಕ್ಕತಂಗಿಯರೇ ವಿಧವೆಯ ಮೇಲೆ ಎರಗುತ್ತಿದ್ದರು. ಇಷ್ಟಾದ ಮೇಲೂ ಹಳೆಯದನ್ನು ಏಕೆ ಮೇಲಕ್ಕೆತ್ತುತ್ತೀಯೆ?

ನಾನು, ಬೆಳಿಗ್ಗೆ 11:30
ನೀನು ಹೇಳಿದ ಒಂದನ್ನೂ ನಾನು ಅಲ್ಲಗಳೆಯುವುದಿಲ್ಲ. ವಿಧವೆಯ ವಿಷಯ ಓದುವಾಗ ನನಗೆ ಪುಸ್ತಕ ಮುಚ್ಚಿಡಬೇಕೆನಿಸಿತ್ತು. ತವರಿನಲ್ಲಿ ರಾಣಿಯಾದವಳು ಗಂಡನ ಮನೆಯಲ್ಲಿ ಹೊರಗಿನವಳು, ತನ್ನ ತವರಿನ ಸೊಸೆಗೆ ತಾನೇ ಯಮ. ಎನುಗು ರಾಜ್ಯ 2001ರಲ್ಲಿ ಇಂಥ ಆಚರಣೆಗಳ ವಿರುದ್ಧ ಕಾನೂನು ಮಾಡಬೇಕಾಯಿತು ಎಂದರೆ ಅವು ಆಗಲೂ ಸತ್ತಿರಲಿಲ್ಲ.

ಆದರೆ ಬಿಳಿಯರು ಬಂದು ಉದ್ಧಾರ ಮಾಡಿದರು ಎನ್ನುವ ಕಥೆಯಲ್ಲಿ ಒಂದು ಮೋಸವಿದೆ. ಅವರು ಕೆಟ್ಟದ್ದನ್ನಷ್ಟೇ ತೆಗೆಯಲಿಲ್ಲ. ಸಭೆ ಕಿತ್ತುಕೊಂಡರು, ಹೊಲಿಗೆ ಕಲಿಸಿದರು. ಮಿಷನ್ ಶಾಲೆಗಳಲ್ಲಿ ಹುಡುಗರು ಗುಮಾಸ್ತರಾಗಲು ಓದಿದರೆ, ಹುಡುಗಿಯರಿಗೆ ಒಳ್ಳೆಯ ಕ್ರೈಸ್ತ ಗೃಹಿಣಿಯಾಗುವ ತರಬೇತಿ. ಯುದ್ಧದ ನಂತರ ವಿಚಾರಣಾ ಆಯೋಗ ಕೂತಿತು, ಸನ್ನದಿನ ಮುಖ್ಯಸ್ಥರ ಪದ್ಧತಿ ಹೋಯಿತು. ಅದು ಆ ಹೆಂಗಸರ ಗೆಲುವು. ಹೊಸ ನ್ಯಾಯಾಲಯಗಳ ಪೀಠಗಳಲ್ಲಿ ಮಾತ್ರ ಕೂತವರು ಹೆಚ್ಚುಕಡಿಮೆ ಎಲ್ಲರೂ ಗಂಡಸರು.

ಅಹೆಬಿ ಉಗ್ಬಾಬೆಯ ಕಥೆ ಕೇಳು. ಎನುಗು-ಎಜಿಕೆಯ ಹುಡುಗಿ. ತಂದೆಯ ತಪ್ಪಿಗೆ ದಂಡವಾಗಿ ಅವಳನ್ನು ದೇವತೆಗೆ ಮದುವೆ ಮಾಡಿಕೊಡಬೇಕಾಗಿತ್ತು. ಓಡಿಹೋದಳು, ಇಗಾಲಾ ಸೀಮೆಯಲ್ಲಿ ಮೈಮಾರಿಯೂ ವ್ಯಾಪಾರ ಮಾಡಿಯೂ ಬದುಕಿದಳು, ಭಾಷೆಗಳನ್ನು ಕಲಿತಳು. ತಿರುಗಿ ಬಂದವಳನ್ನು ಬ್ರಿಟಿಷರು 1918ರಲ್ಲಿ ಸನ್ನದಿನ ಮುಖ್ಯಸ್ಥೆ ಮಾಡಿದರು. ಅವಳು ಅಲ್ಲಿಗೇ ನಿಲ್ಲದೆ ರಾಜ ಎನಿಸಿಕೊಂಡಳು. ತಾನೇ ಹೆಂಡತಿಯರನ್ನು ಮದುವೆಯಾದಳು. ಇದರಲ್ಲಿ ನಮಗೆ ಹೊಳೆಯುವ ಅರ್ಥ ಬೇಡ, ಹಣವಂತ ಹೆಂಗಸು ಇನ್ನೊಬ್ಬಳನ್ನು ಮದುವೆಯಾಗಿ ಅವಳ ಮಕ್ಕಳಿಗೆ ತನ್ನ ಹೆಸರು ಕೊಡುವುದು ಇಗ್ಬೊ ಪದ್ಧತಿಯಲ್ಲಿತ್ತು. ಕೊನೆಗೆ ತನ್ನದೇ ಮುಖವಾಡದ ದೈವವನ್ನು ಮೆರವಣಿಗೆಗೆ ಇಳಿಸಿದಳು. ಮುಖವಾಡ ಗಂಡಸರ ಗುಟ್ಟು. ಊರ ಗಂಡಸರು ತಿರುಗಿಬಿದ್ದರು. ಅವಳನ್ನು ಮೇಲೆ ಕೂರಿಸಿದ ಬ್ರಿಟಿಷರೂ ಅವರ ಪರವಾಗಿಯೇ ನಿಂತರು. 1948ರಲ್ಲಿ ತೀರಿಕೊಂಡಳು. ಇವಳನ್ನು ಹಳೆಯ ಪದ್ಧತಿ ಬೆಳೆಸಿತೋ, ಹೊಸ ಆಡಳಿತ ಬೆಳೆಸಿತೋ? ಎರಡೂ ಬೆಳೆಸಿದವು, ಎರಡೂ ಕೈಬಿಟ್ಟವು.

ತಮ್ಮ, ಬೆಳಿಗ್ಗೆ 11:42
ಈ ಹೆಸರನ್ನು ನಾನು ಕೇಳಿಯೇ ಇರಲಿಲ್ಲ. ಆದರೂ ನನ್ನ ಮಾತು ಬಿಡುವುದಿಲ್ಲ. ಗುಂಪಿನ ಬಲ ಎನ್ನುತ್ತೀಯೆ. ಗುಂಪಿಗೆ ಬಲವಿದ್ದರೂ ಒಬ್ಬೊಬ್ಬಳಿಗೆ ಹಕ್ಕಿರಲಿಲ್ಲ. ಹಕ್ಕು ಕೊಟ್ಟದ್ದು ಸಂವಿಧಾನ.

ದೊಡ್ಡಪ್ಪ, ಮಧ್ಯಾಹ್ನ 12:05
ಅದೇ ನಾನು ಹೇಳಿದ್ದು. ಕಾನೂನು ಬಂದ ಮೇಲೆ ಎಲ್ಲ ಸರಿಹೋಯಿತು. ಅಲ್ಲಿ ಹೆಣ್ಣುಮಕ್ಕಳಿಗೆ ಆಸ್ತಿ ಸಿಗುತ್ತದೆ ತಾನೇ ಈಗ?

ನಾನು, ಮಧ್ಯಾಹ್ನ 12:30
ತಮ್ಮನ ಮಾತನ್ನು ಒಪ್ಪುತ್ತೇನೆ. ಉಮುಅಡಾ ಸೇರಿ ತವರಿನ ಎಷ್ಟು ಜಗಳ ಬಿಡಿಸಿದರೂ, ತವರಿನ ಮಣ್ಣಿನಲ್ಲಿ ಒಂದು ಹಿಡಿ ಅವರದ್ದಾಗಿರಲಿಲ್ಲ.

ದೊಡ್ಡಪ್ಪ, ತೀರ್ಪು ಬಂದಿದೆ. 1981ರಲ್ಲಿ ಲಾಗೋಸಿನಲ್ಲಿ ಉಯಿಲು ಬರೆಯದೆ ಸತ್ತ ಉಕೆಜೆ ಎಂಬ ಇಗ್ಬೊ ಗೃಹಸ್ಥರ ಮಗಳು ಪಾಲು ಕೇಳಿ ನ್ಯಾಯಾಲಯಕ್ಕೆ ಹೋದಳು. ಎದುರು ಪಕ್ಷದಲ್ಲಿ ನಿಂತವರು ತಂದೆಯ ಹೆಂಡತಿ ಮತ್ತು ಮಗ. ಕೆಳಗಿನ ಎರಡೂ ನ್ಯಾಯಾಲಯಗಳಲ್ಲಿ ಅವಳು ಗೆದ್ದಳು, ಅವರು ಬಿಡಲಿಲ್ಲ. 2014ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಹೆಣ್ಣೆಂಬ ಕಾರಣಕ್ಕೆ ಪಾಲು ತಪ್ಪಿಸುವ ಇಗ್ಬೊ ರೂಢಿ ಸಂವಿಧಾನದ 42ನೇ ವಿಧಿಗೆ ವಿರುದ್ಧ ಎಂದಿತು. ತಂದೆ ಸತ್ತು 32 ವರ್ಷ ದಾಟಿತ್ತು. ಅದೇ ವರ್ಷ, ಗಂಡುಮಗು ಇಲ್ಲವೆಂದು ಗಂಡನ ಮನೆಯಿಂದ ಹೊರಗೆ ಹಾಕಿದ್ದ ವಿಧವೆಯೊಬ್ಬಳ ಪರವಾಗಿಯೂ ತೀರ್ಪು ಬಂತು.

ಅತ್ತೆ, ಮಧ್ಯಾಹ್ನ 12:48
ಎಲ್ಲವನ್ನೂ ಓದುತ್ತಿದ್ದೆ. ಲಾಗೋಸಿನಲ್ಲಿರುವ ಮಗನಿಗೆ ಒಂದು ಪ್ರಶ್ನೆ. ನಿನ್ನ ಸಹೋದ್ಯೋಗಿಗೆ ಅಕ್ಕತಂಗಿಯರು ಇದ್ದಾರೆಯೇ? ತೀರ್ಪು ಬಂದ ಮೇಲೆ ಅವರು ಪಾಲು ಕೇಳಿದರೇ?

ಲಾಗೋಸ್ ಅಣ್ಣ, ಮಧ್ಯಾಹ್ನ 1:35
ಈಗಷ್ಟೇ ಫೋನ್ ಮಾಡಿ ಕೇಳಿದೆ ಅತ್ತೆ. ಒಬ್ಬ ಅಕ್ಕ ಇದ್ದಾಳೆ, ಒನಿಚಾ ಮಾರುಕಟ್ಟೆಯಲ್ಲಿ ಬಟ್ಟೆಯ ಅಂಗಡಿ. ತಂದೆಯ ಔಷಧಿ ಖರ್ಚನ್ನು ಕೊನೆಯವರೆಗೂ ನೋಡಿಕೊಂಡವಳು ಅವಳೇ. ಪಾಲು ಕೇಳಿಲ್ಲ. ತೀರ್ಪು ಬಂದಿರುವುದು ಅವಳಿಗೆ ಗೊತ್ತು. ಕೇಳಿದರೆ ನಾಳೆ ತಾನು ಸತ್ತಾಗ ತವರಿನವರು ಬರುವುದಿಲ್ಲ, ತವರಿನವರು ಬರದ ಹೆಣ್ಣಿನ ಶವಸಂಸ್ಕಾರ ಅಲ್ಲಿ ದೊಡ್ಡ ಅವಮಾನ, ಎಂದು ಹೇಳುತ್ತಾಳಂತೆ.

ಅತ್ತೆ, ಮಧ್ಯಾಹ್ನ 1:52
ಹಾಗಾದರೆ ಅವಳದ್ದೂ ಇದೇ ಮಾತು. ನಮ್ಮಲ್ಲಿ 2005ರಲ್ಲೇ ಕಾನೂನು ಬಂತು, ಅದಕ್ಕೂ ಮೊದಲು 1994ರಲ್ಲಿ ಕರ್ನಾಟಕದ್ದೇ ತಿದ್ದುಪಡಿ ಇತ್ತು. 2009ರಲ್ಲಿ ಅಪ್ಪ ಹೋದ ಮೇಲೆ ನೋಂದಣಿ ಕಚೇರಿಯಲ್ಲಿ ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆರಳು ಒತ್ತುವಾಗ ನನಗೂ ಕಾನೂನು ಗೊತ್ತಿತ್ತು. ಶಾಯಿ ಒರೆಸಿಕೊಳ್ಳಲು ಬಟ್ಟೆ ಸಿಗದೆ ಸೆರಗಿನ ತುದಿಯಲ್ಲಿ ಒರೆಸಿದೆ, ಆ ಸೀರೆಯ ಕಲೆ ಹೋಗಲೇ ಇಲ್ಲ. ಗೌರಿ ಹಬ್ಬಕ್ಕೆ ಬಾಗಿನ ನಿಲ್ಲಬಾರದು ಎಂದು ಒತ್ತಿದೆ. ಯಾರ ಮೇಲೂ ದೂರಲ್ಲ. ಇಗ್ಬೊ ಹೆಂಗಸರ ಬಗ್ಗೆ ಮಾತಾಡುತ್ತಿದ್ದೀರಿ ಎಂದು ಹೇಳಿದೆ.

ಉಡುಪಿ ಅತ್ತಿಗೆ, ಮಧ್ಯಾಹ್ನ 1:55
ಅತ್ತೆ...

ನಾನು, ಮಧ್ಯಾಹ್ನ 2:10
ಅತ್ತೆ, ಇಷ್ಟು ವರ್ಷ ಇದನ್ನು ಯಾರಿಗೂ ಹೇಳಿರಲಿಲ್ಲ ನೀವು. ಒಲೊಕೊದ ಆ ಹೆಂಗಸಿಗೆ ಓಡಿಹೋಗಲು ಒಂದು ಅಂಗಳವಿತ್ತು, ಅಲ್ಲಿ ಹೆಂಗಸರು ಕೂತಿದ್ದರು. ನೋಂದಣಿ ಕಚೇರಿಗೆ ನಿಮ್ಮ ಜೊತೆ ನಾವು ಯಾರೂ ಬರಲಿಲ್ಲ. ನನಗೆ ಆಗ 22 ವರ್ಷ, ಬರಬಹುದಿತ್ತು.

ತಮ್ಮ, ಮಧ್ಯಾಹ್ನ 2:14
ಅಕ್ಕಾ, ನಿನ್ನ ಅಂಗಳದ ಮಾತು ಈಗ ಅರ್ಥವಾಯಿತು.

ದೊಡ್ಡಪ್ಪ, ಮಧ್ಯಾಹ್ನ 3:26
ತಂಗಿ, ಆ ಪತ್ರದ ಪ್ರತಿ ನಿನ್ನ ಬಳಿ ಇದೆಯೇ?

ಅತ್ತೆ, ಮಧ್ಯಾಹ್ನ 3:31
ಇದೆ ಅಣ್ಣ. ಕಪಾಟಿನಲ್ಲಿ, ಅಪ್ಪನ ಫೋಟೋದ ಹಿಂದೆ.

ದೊಡ್ಡಪ್ಪ, ಮಧ್ಯಾಹ್ನ 3:33
ತೆಗೆದಿಡು. ಸಂಜೆ ಬರುತ್ತೇನೆ.